ಮೆಕ್ಸಿಕೊ ಸಿಟಿಗೆ ಹೋದರೆ ನೆಲ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಕೆಲವರ ಮಕ್ಕಳು ಅಮೆರಿಕದಲ್ಲಿದ್ದಾರೆ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಹೋಗಿ ನಾಲ್ಕು ತಿಂಗಳು ಇದ್ದು ಬರುತ್ತೀರಿ. ರಜೆ ಬಂದಾಗ ಮಕ್ಕಳು "ಅಪ್ಪ, ಅಮ್ಮ, ಪಕ್ಕದ ಮೆಕ್ಸಿಕೊ ನೋಡಿಕೊಂಡು ಬರೋಣ" ಅನ್ನುತ್ತಾರೆ. ಎಲ್ಲಿಗೆ ಕರೆದುಕೊಂಡು ಹೋಗುತ್ತಾರೆ? ಕಾನ್‌ಕುನ್‌ಗೆ. ಸಮುದ್ರ, ಮರಳು, ದೊಡ್ಡ ಹೋಟೆಲು. ಸಮುದ್ರ ನಮ್ಮ ಕಾರವಾರದಲ್ಲೂ ಇದೆ, ಮಲ್ಪೆಯಲ್ಲೂ ಇದೆ. ದಯವಿಟ್ಟು ಮಕ್ಕಳಿಗೆ ಹೇಳಿ: ನಮಗೆ ಮೆಕ್ಸಿಕೊ ಸಿಟಿ ತೋರಿಸಿ ಅಂತ. ಅವಧಿ ಮುಗಿಯದ ಅಮೆರಿಕದ ವೀಸಾ ಕೈಯಲ್ಲಿದ್ದರೆ ಮೆಕ್ಸಿಕೊಗೆ ಬೇರೆ ವೀಸಾ ಬೇಕಾಗಿಲ್ಲ.

"ಅದೊಂದು ಗಲಾಟೆ ಊರು, ಅಲ್ಲೇನಿದೆ" ಅನ್ನುವವರು ಬಹಳ ಜನ. ಸುತ್ತಮುತ್ತಲಿನದೆಲ್ಲ ಸೇರಿಸಿದರೆ 2 ಕೋಟಿಗೂ ಜಾಸ್ತಿ ಜನ ಇರುವ ಊರು. ಗಲಾಟೆ ಇರದೆ ಇರುತ್ತದೆಯೇ? ಇಷ್ಟು ವರ್ಷ ಇತಿಹಾಸದ ಪಾಠ ಮಾಡಿದ ನಾನು ನಿಮಗೆ ಹೇಳುವುದು ಒಂದೇ ಮಾತು. ಆ ಊರಿನಲ್ಲಿ ತಲೆ ಎತ್ತಿ ಕಟ್ಟಡ ನೋಡುವುದಕ್ಕಿಂತ ಮೊದಲು ತಲೆ ಬಗ್ಗಿಸಿ ನೆಲ ನೋಡಿ. ಯಾಕೆಂದರೆ ಕೆಳಗೆ ಇನ್ನೊಂದು ಊರಿದೆ.

ಆ ಊರಿನ ಹೆಸರು ಟೆನೊಚ್‌ಟಿಟ್ಲಾನ್. ಸ್ಪೇನಿನವರು ಬರುವ ಮೊದಲು ಅಲ್ಲಿ ಆಳುತ್ತಿದ್ದ ಅಜ್ಟೆಕರ ರಾಜಧಾನಿ. ದೊಡ್ಡ ಸರೋವರದ ನಡುವಿನ ದ್ವೀಪದಲ್ಲಿ 1325ರಲ್ಲಿ ಕಟ್ಟಿದರು ಎಂದು ಹೇಳುತ್ತಾರೆ. ಸ್ಪೇನಿನ ದಂಡನಾಯಕ ಕೊರ್ಟೆಸ್ ಅಲ್ಲಿಗೆ ಕಾಲಿಟ್ಟದ್ದು 1519ರಲ್ಲಿ. ಆಗ ನಮ್ಮಲ್ಲಿ ಕೃಷ್ಣದೇವರಾಯ ಆಳುತ್ತಿದ್ದ. 1521ರಲ್ಲಿ ಆ ರಾಜಧಾನಿ ಬಿತ್ತು. 44 ವರ್ಷದ ನಂತರ ವಿಜಯನಗರವೂ ಹಾಳಾಯಿತು. ಆದರೆ ಹಂಪಿ ಹಾಳಾಗಿಯೂ ಕಣ್ಣಿಗೆ ಕಾಣುತ್ತದೆ. ಅಲ್ಲಿ ಹಾಗಾಗಲಿಲ್ಲ. ಸ್ಪೇನಿನವರು ದೇವಸ್ಥಾನಗಳನ್ನು ಕೆಡವಿ, ಅದೇ ಕಲ್ಲಿನಿಂದ ಅದೇ ಜಾಗದಲ್ಲಿ ಚರ್ಚು, ಅರಮನೆ, ಬೀದಿ ಎಲ್ಲ ಕಟ್ಟಿಬಿಟ್ಟರು. ಹಳೆಯ ಊರು ಮಣ್ಣಿನಡಿ ಸೇರಿತು.

ಅದು ಹೊರಗೆ ಬಂದ ಕತೆ ನಾನು ಹೇಳಲೇಬೇಕು.

1978ರ ಫೆಬ್ರುವರಿ 21, ಬೆಳಗಿನ ಜಾವ. ಊರಿನ ನಟ್ಟನಡುವೆ, ದೊಡ್ಡ ಚರ್ಚಿನ ಪಕ್ಕದ ಬೀದಿ ಮೂಲೆಯಲ್ಲಿ ವಿದ್ಯುತ್ ಕಂಪನಿಯ ಕೆಲಸಗಾರರು ಗುಂಡಿ ತೋಡುತ್ತಿದ್ದರು. ಸುಮಾರು ಎರಡು ಮೀಟರ್ ಆಳಕ್ಕೆ ಹೋದಾಗ ಗಟ್ಟಿ ಕಲ್ಲು ಸಿಕ್ಕಿತು. ಮಣ್ಣು ಸರಿಸಿ ನೋಡಿದರೆ ಕೆತ್ತನೆ! ಕೆಲಸ ನಿಲ್ಲಿಸಿ ಸುದ್ದಿ ಮುಟ್ಟಿಸಿದರು. ಆ ಕೆಲಸಗಾರರಿಗೆ ನಾವು ಕೈ ಮುಗಿಯಬೇಕು. ಕಲ್ಲು ಒಡೆದು ಕೇಬಲ್ ಎಳೆದಿದ್ದರೆ ಕೇಳುವವರು ಯಾರಿದ್ದರು?

ಪುರಾತತ್ವದವರು ಬಂದು ಬಿಡಿಸಿದರು. ಮೂರು ಮೀಟರಿಗೂ ಹೆಚ್ಚು ಅಗಲದ, ಸುಮಾರು 8 ಟನ್ ತೂಕದ ದುಂಡು ಕಲ್ಲು. ಅದರ ಮೇಲೆ ಒಬ್ಬ ಹೆಂಗಸು. ರುಂಡ ಬೇರೆ, ಕೈ ಬೇರೆ, ಕಾಲು ಬೇರೆ. ಕೆನ್ನೆಯ ಮೇಲೆ ಗಂಟೆಗಳು, ಸೊಂಟಕ್ಕೆ ಹಾವಿನ ಪಟ್ಟಿ, ಅದಕ್ಕೊಂದು ತಲೆಬುರುಡೆ. ಇವಳು ಅಜ್ಟೆಕರ ದೇವತೆ ಕೊಯೊಲ್ಶೌಕಿ. ಕತೆ ಹೀಗಿದೆ. ಇವಳ ತಾಯಿ ಬೆಟ್ಟದ ಮೇಲೆ ಕಸ ಗುಡಿಸುತ್ತಿದ್ದಾಗ ಆಕಾಶದಿಂದ ಗರಿಗಳ ಉಂಡೆಯೊಂದು ಬಿತ್ತು. ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು, ಬಸುರಿಯಾದಳು. ಮಗಳಿಗೆ ಇದು ಅವಮಾನ ಅನಿಸಿತು. ನಾನೂರು ಜನ ತಮ್ಮಂದಿರನ್ನು ಕಟ್ಟಿಕೊಂಡು ತಾಯಿಯನ್ನೇ ಕೊಲ್ಲಲು ಬಂದಳು. ಆ ಹೊತ್ತಿಗೆ ಸರಿಯಾಗಿ ಮಗು ಹುಟ್ಟಿತು, ಆಯುಧ ಹಿಡಿದುಕೊಂಡೇ. ಅಕ್ಕನ ತಲೆ ಕಡಿದ. ದೇಹ ಬೆಟ್ಟದಿಂದ ಉರುಳಿ ಚೂರಾಯಿತು. ಆ ಮಗುವೇ ಅಜ್ಟೆಕರ ಯುದ್ಧದೇವತೆ.

ಈಗ ನೋಡಿ, ಬೆಟ್ಟದಿಂದ ಉರುಳಿದವಳ ಕಲ್ಲು ಎಲ್ಲಿರಬೇಕು? ಬೆಟ್ಟದ ಬುಡದಲ್ಲಿ. ಅಂದರೆ ಆ ದೇವರ ಗುಡಿಯ ಮೆಟ್ಟಿಲ ಬುಡದಲ್ಲಿ. ಹಾಗಾದರೆ ದೊಡ್ಡ ದೇವಸ್ಥಾನ ಇಲ್ಲೇ ಇರಬೇಕು! ಎಡ್ವಾರ್ಡೊ ಮಾಟೊಸ್ ಮೊಕ್ಟೆಸುಮಾ ಅವರ ಮುಂದಾಳತ್ವದಲ್ಲಿ ಅಗೆತ ಶುರುವಾಯಿತು. ಮೇಲಿದ್ದ ಕಟ್ಟಡಗಳನ್ನು ತೆಗೆದರು. ಸಿಕ್ಕಿತು. ಒಂದರ ಮೇಲೊಂದು ಈರುಳ್ಳಿ ಪದರದ ಹಾಗೆ ಏಳು ಹಂತದ ಗುಡಿ. ಹಳೆಯದನ್ನು ಕೆಡವದೆ ಅದರ ಸುತ್ತ ಹೊಸದು ಕಟ್ಟುತ್ತಾ ಹೋಗಿದ್ದರು. ಒಳಗಿನ ಪದರದ ಒಂದು ವಿಗ್ರಹದ ಮೇಲೆ ಬಣ್ಣ ಇನ್ನೂ ಉಳಿದಿದೆ. ಇನ್ನೊಂದು ಕಡೆ ಗುಡಿಯ ನಡುವೆಯೇ ಇಟ್ಟಿಗೆಯ ಒಳಚರಂಡಿ ಹಾದುಹೋಗಿದೆ. 1900ರ ಸುಮಾರಿಗೆ ಕಟ್ಟಿದ್ದು. ಗುಡಿ ಚರ್ಚಿನ ಅಡಿಯಲ್ಲಿದೆ ಅಂತ ಆಗಿನವರ ಲೆಕ್ಕಾಚಾರ. ಟೆಂಪ್ಲೊ ಮಯೊರ್, ಅಂದರೆ ದೊಡ್ಡ ದೇವಸ್ಥಾನ, ಅಂತ ಕೇಳಿ, ಯಾರಾದರೂ ದಾರಿ ತೋರಿಸುತ್ತಾರೆ. ಪಕ್ಕದ ಮ್ಯೂಸಿಯಂ 1987ರಲ್ಲಿ ತೆರೆಯಿತು. ಕೊಯೊಲ್ಶೌಕಿ ಅಲ್ಲೇ ಇದ್ದಾಳೆ. ಮೇಲಿನ ಮಹಡಿಯಿಂದ ಬಗ್ಗಿ ನೋಡಿ, ಪೂರ್ತಿ ಕಾಣುತ್ತಾಳೆ.

ಇದೊಂದೇ ಕಡೆ ಅಲ್ಲ. ಪೀನೊ ಸ್ವಾರೆಸ್ ಮೆಟ್ರೊ ನಿಲ್ದಾಣದಲ್ಲಿ ಇಳಿಯಿರಿ. ಮೆಟ್ರೊಗೆ ಅಗೆಯುವಾಗ ಸಿಕ್ಕ ಗಾಳಿದೇವರ ಗುಡಿಯನ್ನು ನಿಲ್ದಾಣದೊಳಗೇ ಉಳಿಸಿಕೊಂಡಿದ್ದಾರೆ. ಜನ ಅದರ ಪಕ್ಕದಲ್ಲೇ ಆಫೀಸಿಗೆ ಓಡುತ್ತಿರುತ್ತಾರೆ. ನೀವು ಓಡಬೇಡಿ. ನಿಂತು ನೋಡಿ.

ನೆಲ ನೋಡಿ ಅನ್ನುವುದಕ್ಕೆ ಇನ್ನೊಂದು ಕಾರಣ, ಆ ಊರು ಕುಸಿಯುತ್ತಿದೆ. ಕೆಳಗಿರುವುದು ಹಳೆಯ ಸರೋವರದ ಜೇಡಿ. ಅಂತರ್ಜಲ ಎಳೆದಷ್ಟೂ ನೆಲ ಇಳಿಯುತ್ತದೆ. ದೊಡ್ಡ ಚರ್ಚಿನೊಳಗೆ ಮೇಲಿನಿಂದ ತೂಗುಗುಂಡು ಇಳಿಬಿಟ್ಟಿದ್ದಾರೆ, ಕಟ್ಟಡ ಎಷ್ಟು ವಾಲಿತು ಅಂತ ಅಳೆಯಲು. 1910ರಲ್ಲಿ ನಿಲ್ಲಿಸಿದ ಸ್ವಾತಂತ್ರ್ಯ ಸ್ತಂಭದ ಬುಡಕ್ಕೆ ಆಮೇಲೆ 14 ಮೆಟ್ಟಿಲು ಸೇರಿಸಬೇಕಾಯಿತು. ಸುತ್ತಲಿನ ನೆಲ ಅಷ್ಟು ಇಳಿದಿದೆ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಮಾನವಶಾಸ್ತ್ರ ಮ್ಯೂಸಿಯಂಗೆ ಒಂದು ಇಡೀ ದಿನ ಕೊಡಿ. ಗಂಟೆ ಲೆಕ್ಕ ಹಾಕಬೇಡಿ. 1790ರಲ್ಲಿ ದೊಡ್ಡ ಚರ್ಚಿನ ಮುಂದಿನ ಚೌಕದ ನೆಲದಡಿಯಲ್ಲೇ ಸಿಕ್ಕ, ಅಜ್ಟೆಕರು ಕೆತ್ತಿದ ಸೂರ್ಯಶಿಲೆ ಅಲ್ಲಿದೆ. ಶಿಕ್ಷಣ ಇಲಾಖೆಯ ಹಳೆಯ ಕಟ್ಟಡದಲ್ಲಿ ಮೆಕ್ಸಿಕೊದ ಚಿತ್ರಕಾರ ಡಿಯೆಗೊ ರಿವೆರಾ ಬಿಡಿಸಿದ ಗೋಡೆಚಿತ್ರಗಳಿವೆ. ಅವುಗಳಲ್ಲೊಂದರಲ್ಲಿ ರೊಟ್ಟಿ ಹಂಚುತ್ತಿರುವವರು ನಮ್ಮ ದೇಶದ ಪಾಂಡುರಂಗ ಖಾನ್ಖೋಜೆ, ಬ್ರಿಟಿಷರ ವಿರುದ್ಧದ ಗದರ್ ಹೋರಾಟದಲ್ಲಿದ್ದು ಮೆಕ್ಸಿಕೊದಲ್ಲಿ ಕೃಷಿ ಪಾಠ ಹೇಳಿದವರು. ಸೊಚಿಮಿಲ್ಕೊಗೆ ಹೋದರೆ ಹಳೆಯ ಸರೋವರದ ಉಳಿದ ಕಾಲುವೆಗಳಲ್ಲಿ ದೋಣಿ ಹತ್ತಬಹುದು.

ಊಟದ ಚಿಂತೆ ಬೇಡ. ಜೋಳದ ಬಿಸಿ ರೊಟ್ಟಿ ಸಿಗುತ್ತದೆ. ನಮ್ಮ ಬಿಳಿಜೋಳ ಅಲ್ಲ, ಮುಸುಕಿನ ಜೋಳ. ಕುಂಬಳದ ಹೂವು ಹಾಕಿ ಮಡಿಸಿ ಬೇಯಿಸಿಕೊಡುತ್ತಾರೆ, ಬಹಳ ರುಚಿ. ನಮ್ಮ ಸಾರಿನ ಮೆಣಸಿನಕಾಯಿ ಮೂಲತಃ ಆ ದೇಶದ್ದೇ ಅಲ್ವಾ, ಖಾರಕ್ಕೂ ಕೊರತೆಯಿಲ್ಲ. ಸಸ್ಯಾಹಾರಿಗಳು ಮಾತ್ರ ಹುರುಳಿಕಾಯಿ ಬೀಜದ ಪಲ್ಯಕ್ಕೆ ಹಂದಿ ಕೊಬ್ಬು ಹಾಕಿದ್ದಾರೆಯೇ ಅಂತ ಕೇಳಿಕೊಂಡೇ ತಿನ್ನಿ.

ಊರು ಸುಮಾರು ಊಟಿಯಷ್ಟು ಎತ್ತರದಲ್ಲಿದೆ, 2240 ಮೀಟರ್. ಮೊದಲ ದಿನ ಏದುಸಿರು ಬರಬಹುದು, ನಿಧಾನವಾಗಿ ನಡೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಂಜೆ ಮಳೆ, ಕೊಡೆ ಇರಲಿ. ಸೋಮವಾರ ಹೆಚ್ಚಿನ ಮ್ಯೂಸಿಯಂಗಳಿಗೆ ರಜೆ. ಮಕ್ಕಳು ಟಿಕೆಟ್ ಬುಕ್ ಮಾಡುವ ಮೊದಲೇ ಇದನ್ನು ಅವರಿಗೆ ಹೇಳಿಬಿಡಿ. ನಮಸ್ಕಾರ.