ಅಂಡಾಶಯದ ಆಯುಷ್ಯ

ಆಕಾಶವಾಣಿಯ ಶ್ರೋತೃಗಳಿಗೆ ನಮಸ್ಕಾರ.

ಮದುವೆಯಾಗಿ ಎರಡು ಮೂರು ವರ್ಷ ಕಳೆದರೂ ಮಡಿಲು ತುಂಬದಿದ್ದರೆ ನಮ್ಮ ಕಲಬುರಗಿ, ಬೀದರ, ಯಾದಗಿರಿ ಸೀಮೆಯಲ್ಲಿ ಮೊದಲು ಸೊಸೆಯನ್ನೇ ದವಾಖಾನೆಗೆ ಕರೆದೊಯ್ಯುತ್ತಾರೆ. ಅದೇ ಸೊಸೆ ಎರಡು ಮೂರು ಹೆತ್ತು, ಮೂವತ್ತು ದಾಟಿ, ಬಿಳಿಸೆರಗೆಂದೋ ಹೊಟ್ಟೆನೋವೆಂದೋ ಹೇಳಿಕೊಂಡರೆ, ಗರ್ಭಚೀಲ ತೆಗೆಸಿಬಿಟ್ಟರಾಯಿತು ಎಂಬ ಮಾತು ಮನೆಯಲ್ಲಿ ಸಲೀಸಾಗಿ ಬಂದುಬಿಡುತ್ತದೆ. ಈ ಎರಡೂ ಸಂದರ್ಭಗಳಲ್ಲಿ ವಿಚಾರಕ್ಕೇ ಬಾರದೆ ಉಳಿಯುವ ಅಂಗ ಅಂಡಾಶಯ. ಕಳೆದ ಇಪ್ಪತ್ತು ವರ್ಷಗಳಲ್ಲಿ ಜೀವಶಾಸ್ತ್ರಜ್ಞರು ಈ ಅಂಗದ ಬಗ್ಗೆ ತಿಳಿದುಕೊಂಡಿರುವುದರಲ್ಲಿ ಕೆಲವು ಸಂಗತಿಗಳು ನಮ್ಮ ಈ ಎರಡು ರೂಢಿಗಳಿಗೂ ನೇರವಾಗಿ ತಾಗುವಂತಿವೆ.

ಗರ್ಭಚೀಲದ ಎಡಬಲಕ್ಕೆ ಒಂದೊಂದರಂತೆ ಇರುವ, ಮೂರು ನಾಲ್ಕು ಸೆಂಟಿಮೀಟರ್ ಉದ್ದದ ಈ ಗ್ರಂಥಿ ಹೆಣ್ಣು ಹುಟ್ಟುವುದಕ್ಕೆ ಮೊದಲೇ ತನ್ನ ಕೆಲಸವನ್ನು ಆರಂಭಿಸಿರುತ್ತದೆ. ಹೆಣ್ಣುಭ್ರೂಣಕ್ಕೆ ಐದು ತಿಂಗಳಾಗುವ ಹೊತ್ತಿಗೆ ಅದರ ಅಂಡಾಶಯಗಳಲ್ಲಿ 60ರಿಂದ 70 ಲಕ್ಷ ಅಂಡಕೋಶಗಳಿರುತ್ತವೆ. ಅಲ್ಲಿಂದ ಮುಂದೆ ಇಳಿಕೆಯೇ. ಹುಟ್ಟುವಾಗ 10ರಿಂದ 20 ಲಕ್ಷ, ಮೈನೆರೆಯುವಾಗ 3ರಿಂದ 4 ಲಕ್ಷ ಉಳಿದಿರುತ್ತವೆ; ಮುಟ್ಟು ಪೂರ್ತಿ ನಿಲ್ಲುವ ಕಾಲಕ್ಕೆ ಸುಮಾರು ಒಂದು ಸಾವಿರ. ಇಷ್ಟರಲ್ಲಿ ತಿಂಗಳಿಗೊಂದರಂತೆ ಬಲಿತು ಹೊರಬರುವವು ನಾನೂರರಿಂದ ಐನೂರು ಮಾತ್ರ. ಉಳಿದವೆಲ್ಲ ಅಂಡಾಶಯದೊಳಗೇ ಸದ್ದಿಲ್ಲದೆ ನಶಿಸುತ್ತವೆ. ಹೆಂಗಸು ಬಸುರಿಯಾಗಿರುವಾಗಲೂ, ಗರ್ಭನಿರೋಧಕ ಮಾತ್ರೆ ನುಂಗುತ್ತಿರುವಾಗಲೂ ಈ ನಷ್ಟ ನಿಲ್ಲುವುದಿಲ್ಲ.

ಸಂಖ್ಯೆಗಿಂತ ವಿಸ್ಮಯಕರವಾದದ್ದು ಈ ಅಂಡಕೋಶಗಳ ಕಾಯುವಿಕೆ. ತಾಯಿಯ ಗರ್ಭದಲ್ಲಿರುವಾಗಲೇ ಅವು ವಿಭಜನೆಯನ್ನು ಆರಂಭಿಸಿ, ನಡುದಾರಿಯಲ್ಲೇ ನಿಂತುಬಿಡುತ್ತವೆ. ನಲವತ್ತನೆಯ ವಯಸ್ಸಿನಲ್ಲಿ ಬಿಡುಗಡೆಯಾಗುವ ಅಂಡ ನಲವತ್ತಕ್ಕೂ ಹೆಚ್ಚು ವರ್ಷ ಹಾಗೆ ತಡೆದು ನಿಂತ ಜೀವಕೋಶ. ದೇಹದ ಇತರ ಕೋಶಗಳು ಉಸಿರಾಟದ ಉಪಉತ್ಪನ್ನಗಳಾದ ಆಮ್ಲಜನಕದ ಉಗ್ರ ಅಣುಗಳಿಂದ ಸವೆಯುತ್ತಿರುವಾಗ ಇದು ಅಷ್ಟು ಕಾಲ ಹೇಗೆ ತಾಳಿಕೊಳ್ಳುತ್ತದೆ? ಸ್ಪೇನಿನ ಬಾರ್ಸಿಲೋನಾದಲ್ಲಿ ಎಲ್ವಾನ್ ಬೋಕೆ ಅವರ ತಂಡ 2022ರಲ್ಲಿ ಈ ಪ್ರಶ್ನೆಗೆ ಒಂದು ಸೊಗಸಾದ ಉತ್ತರ ಕೊಟ್ಟಿತು. ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾದಲ್ಲಿ ಉಸಿರಾಟದ ಸರಪಣಿಯ ಮೊದಲ ಕೊಂಡಿ ‘ಕಾಂಪ್ಲೆಕ್ಸ್ ಒನ್’ ಎಂಬ ಪ್ರೋಟೀನುಗಳ ಗುಚ್ಛ. ಉಗ್ರ ಅಣುಗಳು ಹೆಚ್ಚಾಗಿ ಹುಟ್ಟುವ ತಾಣಗಳಲ್ಲಿ ಅದೂ ಒಂದು. ಮನುಷ್ಯರ ಮತ್ತು ಕಪ್ಪೆಯ ಎಳೆಯ ಅಂಡಕೋಶಗಳು ಆ ಕೊಂಡಿಯನ್ನೇ ಕಟ್ಟದೆ ಬದುಕುತ್ತವೆ ಎಂಬುದು ಅವರ ಶೋಧ. ಹಾನಿಯ ಮೂಲವನ್ನೇ ಇಲ್ಲವಾಗಿಸಿ ದಶಕಗಳನ್ನು ಕಳೆಯುವ ಇಂಥ ಮತ್ತೊಂದು ಪ್ರಾಣಿಕೋಶ ವಿಜ್ಞಾನಕ್ಕೆ ಅದುವರೆಗೆ ತಿಳಿದಿರಲಿಲ್ಲ.

ಆದರೂ ಕಾಲ ಒಂದು ಕಡೆ ಗೆದ್ದೇ ಗೆಲ್ಲುತ್ತದೆ. ಅಂಡಕೋಶದಲ್ಲಿ ಜೋಡಿಯಾಗಿರುವ ವರ್ಣತಂತುಗಳನ್ನು ಬಿಗಿದಿಡುವ ಕೊಹೆಸಿನ್ ಎಂಬ ಪ್ರೋಟೀನನ್ನು ಹುಟ್ಟುವ ಮೊದಲೇ ಅಳವಡಿಸಲಾಗಿರುತ್ತದೆ; ಆಮೇಲೆ ಅದನ್ನು ಹೊಸದಾಗಿ ತುಂಬುವ ವ್ಯವಸ್ಥೆ ಇದ್ದಂತಿಲ್ಲ. ವಯಸ್ಸಾದಂತೆ ಈ ಬಿಗಿತ ಸಡಿಲಗೊಂಡು, ಅಂಡ ಬಲಿಯುವಾಗ ವರ್ಣತಂತುಗಳು ತಪ್ಪಾಗಿ ಹಂಚಿಹೋಗುತ್ತವೆ. ಮೂವತ್ತೈದರ ನಂತರ ಗರ್ಭ ನಿಲ್ಲುವುದು ಕಷ್ಟವಾಗುವುದಕ್ಕೂ, ಗರ್ಭಪಾತ ಹೆಚ್ಚುವುದಕ್ಕೂ ಇದೇ ದೊಡ್ಡ ಕಾರಣ. ತಾಯಿಗೆ 25 ವರ್ಷವಾಗಿದ್ದಾಗ ಸುಮಾರು 1,250 ಹೆರಿಗೆಗಳಲ್ಲಿ ಒಂದು ಮಗುವಿಗೆ ಕಾಣಿಸಿಕೊಳ್ಳುವ ಡೌನ್ ಸಿಂಡ್ರೋಮ್, 40ರ ವಯಸ್ಸಿನಲ್ಲಿ ಸುಮಾರು ನೂರಕ್ಕೊಂದಾಗುವುದೂ ಇದರಿಂದಲೇ. ಇದರಲ್ಲಿ ತಾಯಿಯ ಆಹಾರದ್ದಾಗಲಿ ನಡೆನುಡಿಯದ್ದಾಗಲಿ ದೋಷವಿಲ್ಲ.

ಹಾಗಾದರೆ ಒಬ್ಬಳಿಗೆ ನಲವತ್ತಕ್ಕೇ ಮುಟ್ಟು ನಿಂತು, ಇನ್ನೊಬ್ಬಳಿಗೆ ಐವತ್ತೆರಡರವರೆಗೂ ಮುಂದುವರಿಯುವುದೇಕೆ? ಯುರೋಪ್ ಮೂಲದ ಸುಮಾರು ಎರಡು ಲಕ್ಷ ಮಹಿಳೆಯರ ಜೀನುಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮುಟ್ಟು ನಿಲ್ಲುವ ವಯಸ್ಸಿಗೆ ಸಂಬಂಧಿಸಿದ 290 ತಾಣಗಳನ್ನು ಗುರುತಿಸಿತು. ಅವುಗಳಲ್ಲಿ ಬಹಳಷ್ಟು ಡಿಎನ್‌ಎಗೆ ಆದ ಪೆಟ್ಟನ್ನು ಗುರುತಿಸುವ ಮತ್ತು ದುರಸ್ತಿ ಮಾಡುವ ಜೀನುಗಳಿಗೆ ಸಂಬಂಧಪಟ್ಟಿದ್ದವು. ಉದಾಹರಣೆಗೆ, ಚೆಕ್-ಟೂ ಎಂಬ ಜೀನು ಹಾಳಾದ ಅಂಡಕೋಶವನ್ನು ಕೊಂದುಹಾಕುವ ಕಾವಲುಗಾರ. ಇಲಿಗಳಲ್ಲಿ ಅದನ್ನು ತೆಗೆದುಹಾಕಿದಾಗ ಅಂಡಗಳ ಸಂಗ್ರಹ ಹೆಚ್ಚು ಕಾಲ ಬಾಳಿತು. ಇದು ಔಷಧಕ್ಕೆ ದಾರಿಯಾದೀತೆಂದು ಹಿಗ್ಗುವವರಿದ್ದಾರೆ. ನನಗೇಕೋ ಅಷ್ಟು ಆತುರ ಸಲ್ಲದೆನಿಸುತ್ತದೆ. ಅದೇ ಕಾವಲು ದೇಹದ ಬೇರೆಡೆ ಕ್ಯಾನ್ಸರನ್ನು ತಡೆಯುವ ಕೆಲಸವನ್ನೂ ಮಾಡುತ್ತಿದೆ.

ಈಗ ನಗರದ ಪ್ರಯೋಗಾಲಯಗಳ ಫಲಕಗಳಲ್ಲಿ ಕಾಣುವ ಎಎಂಎಚ್ ಪರೀಕ್ಷೆಯ ಮಾತಿಗೆ ಬರೋಣ. ಅಂಡಕೋಶವನ್ನು ಒಳಗಿಟ್ಟುಕೊಂಡು ಬೆಳೆಯುತ್ತಿರುವ ಪುಟ್ಟ ಚೀಲಗಳಾದ ಅಂಡಕೋಶಿಕೆಗಳು ಸ್ರವಿಸುವ ಈ ಹಾರ್ಮೋನಿನ ಪ್ರಮಾಣದಿಂದ ಅಂಡಾಶಯದಲ್ಲಿ ಸಂಗ್ರಹ ಎಷ್ಟಿದೆ ಎಂಬ ಅಂದಾಜು ಸಿಗುತ್ತದೆ, ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಔಷಧದ ಪ್ರಮಾಣ ನಿಗದಿಪಡಿಸಲು ಅದು ನೆರವಾಗುತ್ತದೆ. ಆದರೆ ಸಹಜವಾಗಿ ಗರ್ಭ ನಿಲ್ಲುವುದೋ ಇಲ್ಲವೋ ಎಂಬುದನ್ನು ಅದು ಹೇಳಲಾರದು. ಅಮೆರಿಕದಲ್ಲಿ 30ರಿಂದ 44 ವರ್ಷದ 750 ಮಹಿಳೆಯರನ್ನು ಗಮನಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಎಂಎಚ್ ಕಡಿಮೆ ಇದ್ದವರೂ ಸರಿಯಾಗಿದ್ದವರೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ಬಸುರಾದರು. ಬಿತ್ತನೆಯ ತೊಗರಿ ಮೂಟೆಯನ್ನು ತೂಗಿ ಎಷ್ಟು ಕಿಲೋ ಎನ್ನಬಹುದು, ಎಷ್ಟು ಮೊಳೆಯುತ್ತದೆಂದು ತಕ್ಕಡಿ ಹೇಳುವುದಿಲ್ಲ. ಕಡಿಮೆ ಅಂಕಿ ಕಂಡ ಕೂಡಲೇ ಹೆದರಿ, ಹೊಲ ಅಡವಿಟ್ಟು ಹೈದರಾಬಾದಿಗೋ ಸೋಲಾಪುರಕ್ಕೋ ಓಡುವ ದಂಪತಿಗಳು ಇದನ್ನು ಅರಿತಿರಬೇಕು.

ಪರೀಕ್ಷೆಯ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ, ಮತ್ತು ವೀರ್ಯ ಪರೀಕ್ಷೆ ಎಲ್ಲಕ್ಕಿಂತ ಅಗ್ಗದ, ನೋವಿಲ್ಲದ ಪರೀಕ್ಷೆ. ಶರಣಬಸವೇಶ್ವರರ ಗುಡಿಗಾಗಲಿ ಬಂದೇನವಾಜರ ದರ್ಗಾಕ್ಕಾಗಲಿ ಹರಕೆ ಹೊತ್ತು ಗಂಡಹೆಂಡತಿ ಜೊತೆಯಾಗಿಯೇ ಹೋಗುತ್ತಾರೆ. ದವಾಖಾನೆಗೆ ಮಾತ್ರ ಅತ್ತೆಯೊಂದಿಗೆ ಸೊಸೆ ಬಂದಿರುತ್ತಾಳೆ.

ಹೊಸ ಅಂಡಗಳನ್ನು ಸೃಷ್ಟಿಸಬಹುದೇ ಎಂಬ ಪ್ರಶ್ನೆಗೆ ಚಿಕ್ಕ ಉತ್ತರ ಸಾಕು. ಹುಟ್ಟಿದ ಮೇಲೆ ಹೊಸ ಅಂಡಕೋಶ ಹುಟ್ಟದು ಎಂದು 1951ರಲ್ಲಿ ವಿಜ್ಞಾನಿ ಜುಕರ್‌ಮನ್ ಪ್ರತಿಪಾದಿಸಿದ್ದನ್ನು ಅಮೆರಿಕದ ಜೊನಾಥನ್ ಟಿಲಿ ಅವರ ತಂಡ 2004ರಲ್ಲಿ ಪ್ರಶ್ನಿಸಿತು. ಮನುಷ್ಯರ ಅಂಡಾಶಯದ ಕೋಶಗಳನ್ನು ಒಂದೊಂದಾಗಿ ಪರಿಶೀಲಿಸಿದ 2020ರ ಅಧ್ಯಯನಕ್ಕೆ ಹೊಸ ಅಂಡ ಹುಟ್ಟಿಸಬಲ್ಲ ಮೂಲಕೋಶಗಳು ಕಾಣಲಿಲ್ಲ. ಜಪಾನಿನ ಕತ್ಸುಹಿಕೊ ಹಯಾಶಿ ಅವರ ತಂಡ 2016ರಲ್ಲಿ ಇಲಿಯ ಬಾಲದ ಚರ್ಮದ ಕೋಶಗಳಿಂದ ಅಂಡಗಳನ್ನು ರೂಪಿಸಿ ಮರಿಗಳನ್ನೂ ಪಡೆಯಿತು. ಮನುಷ್ಯರಲ್ಲಿ ಆ ದಾರಿಯ ಮೊದಲ ಮೆಟ್ಟಿಲುಗಳಷ್ಟೇ ಸಾಧ್ಯವಾಗಿವೆ. ಇಂದು ಕೈಗೆಟಕುವುದು ಬೇರೆಯದು: ಕ್ಯಾನ್ಸರ್ ಔಷಧಗಳಲ್ಲಿ ಹಲವು ಅಂಡಕೋಶಗಳನ್ನು ಕೊಲ್ಲುವುದರಿಂದ, ಚಿಕಿತ್ಸೆಗೆ ಮೊದಲೇ ಅಂಡಗಳನ್ನೋ ಅಂಡಾಶಯದ ತುಣುಕನ್ನೋ ಶೀತಲೀಕರಿಸಿ ಇಡಬಹುದು. ಹಾಗೆ ಇಟ್ಟ ತುಣುಕನ್ನು ಮರಳಿ ಕಸಿ ಮಾಡಿ ಬೆಲ್ಜಿಯಂನಲ್ಲಿ ಮಗು ಹುಟ್ಟಿದ ಸುದ್ದಿ ಬಂದದ್ದು 2004ರಲ್ಲಿ. ಹರೆಯದ ಹುಡುಗಿಗೆ ಕಿಮೊಥೆರಪಿ ಆರಂಭಿಸುವ ಮುನ್ನ ಮನೆಯವರು ವೈದ್ಯರನ್ನು ಈ ಕುರಿತು ಒಮ್ಮೆ ಕೇಳಲೇಬೇಕು, ನಂತರ ಕೇಳಿದರೆ ತಡವಾಗಿರುತ್ತದೆ.

ಇನ್ನು ಗರ್ಭಚೀಲದ ವಿಷಯ. 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಮಹಿಳೆಯರಿಗೆ ಮತ್ತು ದಲಿತ ಮಹಿಳೆಯರಿಗೆ, ಅವರಲ್ಲಿ ಅನೇಕರು ಇನ್ನೂ ಹರೆಯದವರಾಗಿದ್ದಾಗಲೇ, ಅಗತ್ಯವಿಲ್ಲದೆ ಗರ್ಭಚೀಲ ತೆಗೆದದ್ದು ಬಯಲಾಗಿ, ಮಹಿಳೆಯರು ಬೀದಿಗಿಳಿದು, ಸರ್ಕಾರ ತನಿಖೆ ನಡೆಸಿದ್ದು ನಿಮಗೆ ನೆನಪಿರಬಹುದು. ಇಂಥ ಶಸ್ತ್ರಕ್ರಿಯೆಗಳನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೊಳಿಸಬೇಕೆಂದು ಸುಪ್ರೀಂ ಕೋರ್ಟು 2023ರ ಏಪ್ರಿಲಿನಲ್ಲಿ ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಮಕ್ಕಳಾದ ಮೇಲೆ ಗರ್ಭಚೀಲದಿಂದ ಏನು ಪ್ರಯೋಜನ, ಅಂಡಾಶಯ ಉಳಿಸಿದ್ದೇವಲ್ಲ ಎಂಬ ಸಮಾಧಾನದ ಮಾತನ್ನು ಇಂದಿಗೂ ಕೇಳುತ್ತೇವೆ. ಆದರೆ ಅಂಡಾಶಯಕ್ಕೆ ಹರಿಯುವ ರಕ್ತದ ಒಂದು ಪಾಲು ಗರ್ಭಚೀಲದ ಧಮನಿಯ ಕವಲಿನಿಂದಲೇ ಬರುತ್ತದೆ. ಚೀಲವನ್ನು ಕತ್ತರಿಸಿದಾಗ ಆ ಪಾಲು ಕಡಿದುಹೋಗಬಹುದು. ನ್ಯೂಜಿಲೆಂಡಿನ 2005ರ ಅಧ್ಯಯನವೊಂದರಲ್ಲಿ, ಅಂಡಾಶಯ ಉಳಿಸಿಕೊಂಡೇ ಗರ್ಭಚೀಲ ತೆಗೆಸಿಕೊಂಡವರ ಅಂಡಾಶಯಗಳು ಇತರರಿಗಿಂತ ಸರಾಸರಿ 3.7 ವರ್ಷ ಮೊದಲೇ ಕೆಲಸ ನಿಲ್ಲಿಸಿದ್ದವು. 2011ರ ಅಮೆರಿಕದ ಅಧ್ಯಯನದಲ್ಲೂ ಅಂಡಾಶಯ ಬೇಗ ಕೆಲಸ ನಿಲ್ಲಿಸುವ ಅಪಾಯ ಇತರರಿಗಿಂತ ಸುಮಾರು ಎರಡು ಪಟ್ಟು ಕಂಡಿತು. ಅಂಡಾಶಯ ಸ್ರವಿಸುವ ಈಸ್ಟ್ರೋಜನ್ ಹಾರ್ಮೋನು ಅಕಾಲದಲ್ಲಿ ಬತ್ತಿದರೆ ಎಲುಬು ಟೊಳ್ಳಾಗುತ್ತದೆ, ಹೃದ್ರೋಗದ ಅಪಾಯ ಹೆಚ್ಚುತ್ತದೆ. ಮೂವತ್ತೆರಡರ ಕೂಲಿ ಹೆಂಗಸು ತೊಗರಿ ಕೊಯ್ಲಿಗೆ ಬಗ್ಗಲಾರದೆ ಸೊಂಟ ಹಿಡಿದುಕೊಂಡಾಗ, ಅದಕ್ಕೂ ಹಿಂದೆಂದೋ ಆದ ಆಪರೇಷನ್ನಿಗೂ ನಂಟಿರಬಹುದೆಂದು ಯಾರೂ ಯೋಚಿಸುವುದಿಲ್ಲ.

ಭಾರತದ ಮಹಿಳೆಯರಿಗೆ ಸರಾಸರಿ 46-47ರಲ್ಲಿ ಮುಟ್ಟು ನಿಲ್ಲುತ್ತದೆ, ಯುರೋಪು ಅಮೆರಿಕಗಳಲ್ಲಿ ಸುಮಾರು 51ಕ್ಕೆ. ಈ ನಾಲ್ಕೈದು ವರ್ಷಗಳ ಅಂತರದಲ್ಲಿ ಜೀನಿನ ಪಾಲೆಷ್ಟು, ಬಾಲ್ಯದ ಹಸಿವಿನ ಪಾಲೆಷ್ಟು ಎಂಬುದು ಇಲ್ಲಿನ ಮಹಿಳೆಯರನ್ನೇ ಅಭ್ಯಸಿಸಿ ತಿಳಿಯಬೇಕಾದ ಸಂಗತಿ. ಇಂಥ ಅಧ್ಯಯನಗಳಲ್ಲಿ ಗರ್ಭಚೀಲ ತೆಗೆಸಿಕೊಂಡವರನ್ನು ಸಾಮಾನ್ಯವಾಗಿ ಹೊರಗಿಡುತ್ತಾರೆ, ಏಕೆಂದರೆ ಆಪರೇಷನ್ನಾದ ದಿನವೇ ಅವರ ಮುಟ್ಟು ನಿಂತಿರುತ್ತದೆ, ಅಂಡಾಶಯ ಯಾವಾಗ ನಿಂತಿತೆಂಬುದು ಗೊತ್ತಾಗುವುದಿಲ್ಲ. ಹೀಗೆ ನಮ್ಮ ತಾಂಡಾಗಳ ಹೆಂಗಸರು ಆಸ್ಪತ್ರೆಯ ಪಟ್ಟಿಗೆ ಸೇರಿದರು, ವಿಜ್ಞಾನದ ಪಟ್ಟಿಯಿಂದ ಬಿಟ್ಟುಹೋದರು. ಅವರನ್ನು ಮರಳಿ ಸೇರಿಸಿಕೊಳ್ಳಲು ದುಬಾರಿ ಯಂತ್ರಗಳೇನೂ ಬೇಕಾಗಿಲ್ಲ: ವರ್ಷಕ್ಕೊಮ್ಮೆ ರಕ್ತ ತೆಗೆದು, ಅಂಡಾಶಯವನ್ನು ಪ್ರಚೋದಿಸುವ ಎಫ್‌ಎಸ್‌ಎಚ್ ಮತ್ತು ಆಗಲೇ ಹೇಳಿದ ಎಎಂಎಚ್ ಹಾರ್ಮೋನುಗಳನ್ನು ಅಳೆದರೆ, ಮುಟ್ಟಿಲ್ಲದಿದ್ದರೂ ಅಂಡಾಶಯದ ವಯಸ್ಸನ್ನು ತಿಳಿಯಬಹುದು. ನಮ್ಮ ಮೂರೂ ಜಿಲ್ಲೆಗಳಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಹಳ್ಳಿಹಳ್ಳಿಯ ಮನೆ ಬಾಗಿಲು ಬಲ್ಲ ಆಶಾ ಕಾರ್ಯಕರ್ತೆಯರೂ ಇದ್ದಾರೆ.