ಕಾಂಬೊ ಎಂಟು ಕಾರ್ಡು, ಡೆಕ್ ಅರವತ್ತು

ನಮಸ್ಕಾರ. ಮ್ಯಾಜಿಕ್: ದಿ ಗ್ಯಾದರಿಂಗ್ ಕಾರ್ಡ್ ಆಟದಲ್ಲಿ ಕಾಂಬೊ ಡೆಕ್, ಅಂದ್ರೆ ಕೆಲವು ಕಾರ್ಡ್ ಜೋಡಿಸಿ ಒಂದೇ ಸಲ ಗೆಲ್ಲೋ ಅರವತ್ತು ಕಾರ್ಡ್‌ನ ಕಟ್ಟು, ಕಟ್ಟೋದು ಹೇಗೆ ಅಂತ ಕೇಳೋರು ಸಾಮಾನ್ಯವಾಗಿ ಕೈಯಲ್ಲಿ ಒಂದು ಪಟ್ಟಿ ಹಿಡ್ಕೊಂಡೇ ಬರ್ತಾರೆ. ಈ ಎರಡು ಕಾರ್ಡ್ ಸೇರಿದ್ರೆ ಆಟ ಮುಗೀತು, ಆ ಮೂರು ಸೇರಿದ್ರೂ ಮುಗೀತು, ಯಾವುದನ್ನ ಹಾಕ್ಲಿ ಅಂತ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಆ ಪ್ರಶ್ನೆಯಿಂದ ಶುರುವಾದ ಡೆಕ್ ಗೆಲ್ಲೋದು ಕಷ್ಟ. ಕಾಂಬೊಗೆ ಬೇಕಾಗೋದು ಎಂಟೋ ಹತ್ತೋ ಕಾರ್ಡ್. ಉಳಿದ ಐವತ್ತು ಕಾರ್ಡ್ ಏನು ಕೆಲಸ ಮಾಡ್ತಿವೆ ಅನ್ನೋದರ ಮೇಲೆ ಗೆಲುವು ನಿಂತಿರುತ್ತೆ. ಡೆಕ್ ಕಟ್ಟೋದು ಅಂದ್ರೆ ಆ ಐವತ್ತನ್ನ ಆರಿಸೋದು.

ಮೊದಲು ಮ್ಯಾಜಿಕ್ ಬಗ್ಗೆ ಎರಡು ಮಾತು. 1993ರಲ್ಲಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಹೊರತಂದ ಆಟ. ಇದನ್ನ ರೂಪಿಸಿದ ರಿಚರ್ಡ್ ಗಾರ್ಫೀಲ್ಡ್ ಗಣಿತದವರು, ಕಾಂಬಿನೇಟೋರಿಕ್ಸ್‌ನಲ್ಲೇ ಡಾಕ್ಟರೇಟ್ ಮಾಡಿದವರು. ಮೊದಲ ಸೆಟ್‌ನಲ್ಲೇ ಚಾನೆಲ್ ಇತ್ತು, ಫೈರ್‌ಬಾಲ್ ಇತ್ತು. ಒಂದು ಕಾರ್ಡ್ ನಿಮ್ಮ ಜೀವ ತಗೊಂಡು ಮನಾ, ಅಂದ್ರೆ ಕಾರ್ಡ್ ಆಡೋಕೆ ಖರ್ಚು ಮಾಡೋ ಶಕ್ತಿ, ಕೊಡುತ್ತೆ, ಇನ್ನೊಂದು ಎಷ್ಟು ಮನಾ ಸುರಿದ್ರೆ ಅಷ್ಟು ಹೊಡೆಯುತ್ತೆ. ಎರಡನ್ನೂ ಜೋಡಿಸಿ ಎದುರಾಳಿಯ 20 ಜೀವವನ್ನ ಒಂದೇ ಏಟಿಗೆ ಮುಗಿಸೋದನ್ನ ಜನ ಆಗಲೇ ಕಂಡುಕೊಂಡಿದ್ರು. ಅದಕ್ಕೇ, ಕಾಂಬೊ ಆಡೋದು ಮೋಸ, ಅದು ನಿಜವಾದ ಆಟ ಅಲ್ಲ ಅಂತ ಯಾರಾದ್ರೂ ಅಂದ್ರೆ ನಾನು ಒಪ್ಪೋದೇ ಇಲ್ಲ. ಕಾರ್ಡ್ ಮೇಲೆ ಬರೆದಿರೋದನ್ನ ಬೇರೆಲ್ಲರಿಗಿಂತ ಗಮನ ಇಟ್ಟು ಓದಿದವನಿಗೆ ಸಿಗೋ ಬಹುಮಾನ ಅದು.

ಉದಾಹರಣೆಗೆ ಒಂದೇ ಡೆಕ್ ತಗೊಳ್ತೀನಿ, ಅದನ್ನೇ ಬಿಡಿಸಿ ನೋಡೋಣ. ಮಾಡರ್ನ್ ಫಾರ್ಮ್ಯಾಟ್‌ನ (ಯಾವ ಕಾರ್ಡ್ ಹಾಕಬಹುದು ಅಂತ ಹೇಳೋ ನಿಯಮಗಳ ಒಂದು ಗುಂಪು) ಸ್ಪ್ಲಿಂಟರ್ ಟ್ವಿನ್. ಇಷ್ಟು ಚೆನ್ನಾಗಿ ಪಾಠ ಹೇಳಿಕೊಡೋ ಡೆಕ್ ನಾನು ಇನ್ನೊಂದು ನೋಡಿಲ್ಲ.

ಸ್ಪ್ಲಿಂಟರ್ ಟ್ವಿನ್ 2010ರಲ್ಲಿ ಬಂದ ಕೆಂಪು ಕಾರ್ಡ್, ನಾಲ್ಕು ಮನಾ. ಇದನ್ನ ಒಂದು ಕ್ರೀಚರ್ (ದಾಳಿ ಮಾಡೋ ಜೀವಿ ಕಾರ್ಡ್) ಮೇಲೆ ಹಾಕಿದ್ರೆ, ಆ ಕ್ರೀಚರನ್ನ ಟ್ಯಾಪ್ ಮಾಡಿ, ಅಂದ್ರೆ ಬಳಸಿದ ಗುರುತಿಗೆ ಅಡ್ಡ ತಿರುಗಿಸಿ, ಅದರದ್ದೇ ಒಂದು ನಕಲು ಟೋಕನ್ ಇಳಿಸಬಹುದು. ಟೋಕನ್‌ಗೆ ಹೇಸ್ಟ್ ಇರುತ್ತೆ, ಅಂದ್ರೆ ಬಂದ ಟರ್ನ್‌ನಲ್ಲೇ ದಾಳಿ ಮಾಡಬಹುದು. ಟರ್ನ್ ಕೊನೆಗೆ ಅದು ಹೋಗಿಬಿಡುತ್ತೆ. ಮುಂದಿನ ವರ್ಷ, 2011ರಲ್ಲಿ, ಡಿಸೀವರ್ ಎಕ್ಸಾರ್ಕ್ ಅನ್ನೋ ನೀಲಿ ಕ್ರೀಚರ್ ಬಂತು. ಮೂರು ಮನಾ, ಬಲ ಒಂದು, ತಾಳಿಕೆ ನಾಲ್ಕು. ಟೇಬಲ್‌ಗೆ ಇಳಿದಾಗ ನಿಮ್ಮ ಒಂದು ಕಾರ್ಡನ್ನ ಅನ್‌ಟ್ಯಾಪ್ ಮಾಡುತ್ತೆ, ಅಂದ್ರೆ ಮತ್ತೆ ಬಳಸೋ ಹಾಗೆ ನೆಟ್ಟಗೆ ತಿರುಗಿಸುತ್ತೆ, ಇಲ್ಲ ಎದುರಾಳಿಯ ಒಂದು ಕಾರ್ಡನ್ನ ಟ್ಯಾಪ್ ಮಾಡುತ್ತೆ. ಎರಡನ್ನೂ ಜೋಡಿಸಿ. ಎಕ್ಸಾರ್ಕ್ ಟ್ಯಾಪ್ ಆಗಿ ನಕಲು ಇಳಿಯುತ್ತೆ, ಇಳಿದ ನಕಲು ಮೂಲ ಎಕ್ಸಾರ್ಕನ್ನ ಅನ್‌ಟ್ಯಾಪ್ ಮಾಡುತ್ತೆ, ಅದು ಮತ್ತೆ ಟ್ಯಾಪ್ ಆಗುತ್ತೆ, ಮತ್ತೆ ನಕಲು. ಎಷ್ಟು ಬೇಕೋ ಅಷ್ಟು. ಆದ್ರೆ ಒಂದು ಸಂಖ್ಯೆ ಹೇಳಲೇಬೇಕು, ಅದು ನಿಯಮ. "ಹತ್ತು ಲಕ್ಷ ಎಕ್ಸಾರ್ಕ್, ದಾಳಿ" ಅಂತ ಹೇಳಿ ಎದುರಾಳಿ ಏನಾದ್ರೂ ಮಾಡ್ತಾರಾ ಅಂತ ಕೇಳಬೇಕು. ಈ ಜಾಗದಲ್ಲಿ ಅವಸರ ಬೇಡ. ಸರಪಳಿಯನ್ನ ಒಂದು ಸುತ್ತು ನಿಧಾನವಾಗಿ ತೋರಿಸಿ, ಎದುರು ಕೂತವರಿಗೆ ಅರ್ಥ ಆಗಿದೆಯಾ ನೋಡಿ, ಆಮೇಲೆ ಸಂಖ್ಯೆ ಹೇಳಿ. ಸೋಲೋರಿಗೂ ತಾವು ಹೇಗೆ ಸೋತ್ವಿ ಅಂತ ತಿಳಿಯೋ ಹಕ್ಕಿದೆ.

ಸರಿ, ಎರಡು ಕಾರ್ಡ್ ಸಿಕ್ಕಿತು. ನಾಲ್ಕು ಟ್ವಿನ್, ನಾಲ್ಕು ಎಕ್ಸಾರ್ಕ್ ಹಾಕಿದ್ರಿ. ಮನಾ ಕೊಡೋ ಮಾಮೂಲಿ ಲ್ಯಾಂಡ್ ಕಾರ್ಡ್ ಬಿಟ್ರೆ, ಒಂದು ಕಾರ್ಡ್ ನಾಲ್ಕಕ್ಕಿಂತ ಹೆಚ್ಚು ಹಾಕೋ ಹಾಗಿಲ್ಲ. ಈಗ ಲೆಕ್ಕ ಮಾಡಿ. ಮೊದಲು ಆಡೋರು ನೀವಾದ್ರೆ ನಾಲ್ಕನೇ ಟರ್ನ್ ಹೊತ್ತಿಗೆ 10 ಕಾರ್ಡ್ ನೋಡಿರ್ತೀರಿ. ಆ ಹತ್ತರಲ್ಲಿ ಟ್ವಿನ್ ಒಂದಾದ್ರೂ, ಎಕ್ಸಾರ್ಕ್ ಒಂದಾದ್ರೂ ಇರೋ ಸಾಧ್ಯತೆ ಶೇಕಡಾ 26.5. ನಾಲ್ಕು ಆಟದಲ್ಲಿ ಹತ್ತಿರ ಹತ್ತಿರ ಮೂರು ಆಟ ನಿಮ್ಮ ಕಾಂಬೊ ಕೈಯಲ್ಲೇ ಇರಲ್ಲ. ಮೂರು ಬೇರೆ ಬೇರೆ ಕಾರ್ಡ್ ಬೇಕಾಗೋ ಕಾಂಬೊ ಆದ್ರೆ ಇದೇ ಲೆಕ್ಕ ಶೇಕಡಾ 12.6ಕ್ಕೆ ಇಳಿಯುತ್ತೆ. ಮೂರು ಕಾರ್ಡ್ ಕಾಂಬೊ ತೋರಿಸಿ "ಇದನ್ನ ಯಾರೂ ಯಾಕೆ ಆಡ್ತಿಲ್ಲ" ಅಂತ ಆಶ್ಚರ್ಯಪಡೋರಿಗೆ ಉತ್ತರ ಆ ಸಂಖ್ಯೆಯಲ್ಲೇ ಇದೆ.

ಇಲ್ಲಿ ಪೆಸ್ಟರ್‌ಮೈಟ್ ಬರುತ್ತೆ. 2007ರ ಲಾರ್ವಿನ್ ಸೆಟ್‌ನ ಪುಟ್ಟ ಫೇರಿ. ಇದಕ್ಕೂ ಮೂರೇ ಮನಾ, ಇದೂ ಇಳಿದಾಗ ಟ್ಯಾಪ್ ಅಥವಾ ಅನ್‌ಟ್ಯಾಪ್ ಮಾಡುತ್ತೆ, ಟ್ವಿನ್ ಜೊತೆ ಇದೂ ಅದೇ ಸರಪಳಿ ಕಟ್ಟುತ್ತೆ. ಎಕ್ಸಾರ್ಕ್ ನಾಲ್ಕು, ಪೆಸ್ಟರ್‌ಮೈಟ್ ನಾಲ್ಕು ಹಾಕಿದ್ರೆ ಅದೇ ಲೆಕ್ಕ 26.5ರಿಂದ ಶೇಕಡಾ 40ಕ್ಕೆ ಏರುತ್ತೆ. ರಮ್ಮಿ ಆಡೋರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಆಟಿನ್ ಏಳು, ಒಂಬತ್ತು ಹಿಡ್ಕೊಂಡು ಎಂಟಕ್ಕೇ ಕಾಯೋದು ಒಂದು ತರಹ. ಏಳು, ಎಂಟು ಹಿಡ್ಕೊಂಡು ಆರು ಬಂದ್ರೂ ಸರಿ ಒಂಬತ್ತು ಬಂದ್ರೂ ಸರಿ ಅಂತ ಕೂರೋದು ಇನ್ನೊಂದು ತರಹ. ಕಾಂಬೊ ಆರಿಸುವಾಗ ನಾನು ಕೇಳೋ ಮೊದಲ ಪ್ರಶ್ನೆ ಇದೇ: ಈ ಕಾರ್ಡ್ ಮಾಡೋ ಕೆಲಸ ಮಾಡಬಲ್ಲ ಇನ್ನೊಂದು ಕಾರ್ಡ್ ಇದೆಯಾ? ಇಲ್ಲ ಅಂದ್ರೆ ಎಷ್ಟೇ ಚಂದದ ಕಾಂಬೊ ಆಗಿರಲಿ, ನಾನು ಪಕ್ಕಕ್ಕಿಡ್ತೀನಿ.

ಎರಡನೇ ಪ್ರಶ್ನೆ ಇನ್ನೂ ಮುಖ್ಯ. ಜೋಡಿ ಕಾರ್ಡ್ ಬರದೇ ಇದ್ದಾಗ ಈ ಕಾರ್ಡ್ ಒಂದೇ ಏನು ಮಾಡುತ್ತೆ? ಎಕ್ಸಾರ್ಕನ್ನೇ ನೋಡಿ. ಇದಕ್ಕೆ ಫ್ಲ್ಯಾಷ್ ಇದೆ, ಎದುರಾಳಿಯ ಟರ್ನ್‌ನಲ್ಲೂ ಇಳಿಸಬಹುದು. ಎದುರಾಳಿ ಮುಖ್ಯವಾದ ಏನನ್ನೋ ಆಡೋಕೆ ಹೊರಟಾಗ ಅವರ ಟರ್ನ್ ಶುರುವಿನಲ್ಲೇ ಇಳಿಸಿ ಒಂದು ಲ್ಯಾಂಡ್ ಟ್ಯಾಪ್ ಮಾಡಿದ್ರೆ ಅವರ ಒಂದು ಟರ್ನ್ ಹಾಳು. ದೊಡ್ಡ ಕ್ರೀಚರ್ ಒಂದರ ದಾಳಿ ತಪ್ಪಿಸಬಹುದು. ತಾಳಿಕೆ ನಾಲ್ಕು ಇರೋದರಿಂದ ಮೂರು ಏಟು ಹೊಡೆಯೋ ಲೈಟ್ನಿಂಗ್ ಬೋಲ್ಟ್‌ಗೆ ಸಾಯಲ್ಲ. ಪೆಸ್ಟರ್‌ಮೈಟ್ ಬೋಲ್ಟ್‌ಗೆ ಸಾಯುತ್ತೆ, ಆದ್ರೆ ಬದುಕಿದ್ರೆ ಹಾರಿಕೊಂಡು ಹೋಗಿ ಪ್ರತಿ ಟರ್ನ್ ಎರಡು ಏಟು ಕೊಡುತ್ತೆ. ಎರಡೂ ಒಂಟಿಯಾಗಿಯೂ ದುಡಿಯೋ ಕಾರ್ಡ್‌ಗಳು. ಟ್ವಿನ್ ಹಾಗಲ್ಲ. ಕ್ರೀಚರ್ ಇಲ್ಲದ ಟ್ವಿನ್ ಕೈಯಲ್ಲಿ ಸುಮ್ಮನೆ ಕೂತಿರುತ್ತೆ. ಅದಕ್ಕೇ ಡೆಕ್‌ನಲ್ಲಿ ಆ ತರಹದ ಕಾರ್ಡ್ ನಾಲ್ಕರ ಆಚೆ ಹೋಗಬಾರದು. ಒಂಟಿಯಾಗಿ ಕೆಲಸಕ್ಕೆ ಬಾರದ ಕಾರ್ಡ್ ಹನ್ನೆರಡೋ ಹದಿನಾರೋ ಇದ್ರೆ, ಆ ಡೆಕ್ ಎದುರಾಳಿ ಏನೂ ಮಾಡದೇನೇ ಸೋಲುತ್ತೆ.

ಈಗ ಉಳಿದ ಕಾರ್ಡ್‌ಗಳಿಗೆ ಬರೋಣ. ಲ್ಯಾಂಡ್ 23 ಅಂತಿಟ್ಟುಕೊಳ್ಳಿ. ಸೀರಮ್ ವಿಷನ್ಸ್ ತರಹದ ಒಂದು ಮನಾ ಕಾರ್ಡ್‌ಗಳು ಬೇಕೇ ಬೇಕು. ಒಂದು ಕಾರ್ಡ್ ಎಳೆದು, ಮೇಲಿನ ಎರಡನ್ನ ನೋಡಿ, ಬೇಡದ್ದನ್ನ ತಳಕ್ಕೆ ಕಳಿಸಬಹುದು. ಶೇಕಡಾ 40 ಅಂತ ಹೇಳಿದ್ನಲ್ಲ, ಆ ಸಂಖ್ಯೆಯನ್ನ ಮೇಲೆತ್ತೋದು ಇವೇ. ರಿಮ್ಯಾಂಡ್ ಬೇಕು: ಎದುರಾಳಿಯ ಕಾರ್ಡನ್ನ ಅವರ ಕೈಗೇ ವಾಪಸ್ ಕಳಿಸಿ ನಿಮಗೊಂದು ಕಾರ್ಡ್ ಕೊಡುತ್ತೆ. ಬೇರೆ ಡೆಕ್‌ಗೆ ಅದು ಬರೀ ಮುಂದೂಡಿಕೆ. ಒಂದು ಟರ್ನ್ ಸಿಕ್ಕಿದ್ರೆ ಗೆಲ್ಲೋ ಡೆಕ್‌ಗೆ ಒಂದು ಟರ್ನ್ ಮುಂದೂಡಿಕೆ ಸಾಕು. ಆಮೇಲೆ ಲೈಟ್ನಿಂಗ್ ಬೋಲ್ಟ್, ಸ್ನ್ಯಾಪ್‌ಕಾಸ್ಟರ್ ಮೇಜ್ ಅನ್ನೋ ಕ್ರೀಚರ್. ಕಾಂಬೊಗೂ ಇವಕ್ಕೂ ಸಂಬಂಧವೇ ಇಲ್ಲ, ಆದ್ರೆ ಈ ಡೆಕ್ ಎಷ್ಟೋ ಆಟ ಗೆದ್ದಿದ್ದು ಇವುಗಳಿಂದಲೇ.

ಹೇಗೆ ಅಂದ್ರೆ, ಟ್ವಿನ್ ಆಟಗಾರನ ಎದುರು ಕೂತವರ ಸ್ಥಿತಿ ಯೋಚನೆ ಮಾಡಿ. ನೀವು ಮೂರು ಲ್ಯಾಂಡ್ ಇಟ್ಕೊಂಡು ಏನೂ ಆಡದೆ ಟರ್ನ್ ಬಿಟ್ಟುಕೊಡ್ತೀರಿ. ಅವರು ತಮ್ಮ ಟರ್ನ್ ಮುಗಿಸೋ ಹೊತ್ತಿಗೆ ನೀವು ಎಕ್ಸಾರ್ಕ್ ಇಳಿಸ್ತೀರಿ. ಅಲ್ಲೇ ಯಾಕೆ? ಟ್ವಿನ್ ಕೊಡೋ ಶಕ್ತಿಗೆ ಕ್ರೀಚರ್ ಟ್ಯಾಪ್ ಆಗಬೇಕು, ಆಗ ತಾನೇ ಇಳಿದ ಕ್ರೀಚರ್ ಆ ಟರ್ನ್‌ನಲ್ಲಿ ಟ್ಯಾಪ್ ಆಗೋ ಹಾಗಿಲ್ಲ. ಹಾಗಾಗಿ ಅವರ ಟರ್ನ್ ಕೊನೆಗೇ ಇಳಿಸಿಟ್ಟರೆ ನಿಮ್ಮ ಟರ್ನ್‌ಗೆ ಸಿದ್ಧ. ಜೊತೆಗೆ ಇಳಿಯುವಾಗ ಅವರ ಒಂದು ಲ್ಯಾಂಡ್ ಟ್ಯಾಪ್ ಮಾಡಿಬಿಡ್ತೀರಿ. ಅವರ ಮುಂದಿನ ಟರ್ನ್‌ವರೆಗೂ ಅದು ಎದ್ದೇಳಲ್ಲ, ಅಂದ್ರೆ ನೀವು ನಾಲ್ಕನೇ ಲ್ಯಾಂಡ್ ಇಟ್ಟು ಟ್ವಿನ್ ಹಾಕುವಾಗ ಅವರ ಹತ್ತಿರ ಒಂದು ಮನಾ ಕಡಿಮೆ. ಇದು ಗೊತ್ತಿರೋ ಎದುರಾಳಿ ಮೂರನೇ ಟರ್ನ್‌ನಿಂದಲೇ ಕಾಂಬೊ ತಡೆಯೋಕೆ ಒಂದೆರಡು ಲ್ಯಾಂಡ್ ಬಳಸದೇ ಉಳಿಸಿಕೊಂಡೇ ಆಡ್ತಾರೆ. ಪ್ರತಿ ಟರ್ನ್ ಅರ್ಧ ಕೈ ಕಟ್ಟಿಕೊಂಡ ಹಾಗೆ. ನಿಮ್ಮ ಕೈಯಲ್ಲಿ ಟ್ವಿನ್ ಇಲ್ಲದೇ ಇದ್ರೂ ಅವರು ಹಾಗೇ ಆಡಬೇಕು. ಆ ಹೊತ್ತಲ್ಲಿ ನೀವು ಬೋಲ್ಟ್, ಸ್ನ್ಯಾಪ್‌ಕಾಸ್ಟರ್, ಪೆಸ್ಟರ್‌ಮೈಟ್‌ನಿಂದ ಎರಡು ಮೂರು ಏಟು ಕೊಡ್ತಾ ಹೋಗ್ತೀರಿ. ಕಾಂಬೊ ತೋರಿಸದೇ ಆಟ ಮುಗಿಯುತ್ತೆ. 2015ರ ಫೆಬ್ರವರಿಯಲ್ಲಿ ಪ್ರೊ ಟೂರ್ ಫೇಟ್ ರಿಫೋರ್ಜ್ಡ್ ಅನ್ನೋ ದೊಡ್ಡ ವೃತ್ತಿಪರ ಟೂರ್ನಮೆಂಟ್ ಗೆದ್ದ ಆಂಟೋನಿಯೊ ದೆಲ್ ಮೊರಾಲ್ ಲಿಯೋನ್ ಕೈಯಲ್ಲಿದ್ದಿದ್ದು ಇದೇ ಟ್ವಿನ್.

ಸೈಡ್‌ಬೋರ್ಡ್, ಅಂದ್ರೆ ಆಟಗಳ ನಡುವೆ ಬದಲಾಯಿಸೋಕೆ ಪಕ್ಕಕ್ಕಿಟ್ಟ ಕಾರ್ಡ್‌ಗಳು, ಬಳಸಿದ ಮೇಲೆ ಅನುಭವಿಗಳು ಟ್ವಿನ್‌ಗಳನ್ನೇ ಕಡಿಮೆ ಮಾಡ್ತಾರೆ ಅಂದ್ರೆ ಹೊಸಬರಿಗೆ ನಂಬಿಕೆ ಬರಲ್ಲ. ಎರಡನೇ ಆಟಕ್ಕೆ ಎದುರಾಳಿ ತಮ್ಮ 15 ಕಾರ್ಡ್‌ನ ಸೈಡ್‌ಬೋರ್ಡ್‌ನಿಂದ ಕ್ರೀಚರ್ ಕೊಲ್ಲೋ ಕಾರ್ಡ್‌ಗಳನ್ನ ತುಂಬಿಕೊಂಡು ಬಂದಿರ್ತಾರೆ. ನೀವು ಟ್ವಿನ್ ಹಾಕಿದ ತಕ್ಷಣ ಅವರು ಎಕ್ಸಾರ್ಕ್ ಕೊಂದ್ರೆ ನಿಮ್ಮದು ಎರಡು ಕಾರ್ಡ್ ಹೋಯ್ತು, ಅವರದ್ದು ಒಂದು. ಆದ್ದರಿಂದ ಅವರು ಕಾಂಬೊಗೆ ಸಿದ್ಧವಾಗಿ ಬಂದಾಗ ನೀವು ಬೇರೆ ಆಟ ಆಡ್ತೀರಿ. ಬರೀ ಕಾಂಬೊನೇ ಇರೋ ಡೆಕ್‌ಗೆ ಈ ಅವಕಾಶವೇ ಇಲ್ಲ.

ಇನ್ನು ಕೈ ಇಟ್ಕೊಳ್ಳೋ ವಿಷಯ. ಶುರುವಿನ ಏಳು ಕಾರ್ಡ್ ಎತ್ತಿದ್ರಿ: ಎರಡು ಲ್ಯಾಂಡ್, ಎರಡು ಟ್ವಿನ್, ಎಕ್ಸಾರ್ಕ್, ಪೆಸ್ಟರ್‌ಮೈಟ್, ಬೋಲ್ಟ್. ಕಾಂಬೊ ಪೂರ್ತಿ ಕೈಯಲ್ಲಿದೆ ಅಂತ ಕಣ್ಣು ಅರಳುತ್ತೆ. ನಾನಾದ್ರೆ ಇದನ್ನ ವಾಪಸ್ ಕಲೆಸ್ತೀನಿ. ಟ್ವಿನ್‌ಗೆ ನಾಲ್ಕು ಲ್ಯಾಂಡ್ ಬೇಕು. ಮೊದಲು ಆಡೋರು ನೀವಾದ್ರೆ ನಾಲ್ಕನೇ ಟರ್ನ್ ಒಳಗೆ ಎಳೆಯೋದು ಮೂರೇ ಕಾರ್ಡ್, ಅದರಲ್ಲಿ ಎರಡು ಲ್ಯಾಂಡ್ ಬರಬೇಕು. 23 ಲ್ಯಾಂಡ್ ಇರೋ ಡೆಕ್‌ನಲ್ಲಿ ಅದರ ಸಾಧ್ಯತೆ ಶೇಕಡಾ 34. ಹುಡುಕಿಕೊಡೋ ಕಾರ್ಡೂ ಒಂದಿಲ್ಲ. ಅದೇ ಮೂರು ಲ್ಯಾಂಡ್, ಎಕ್ಸಾರ್ಕ್, ರಿಮ್ಯಾಂಡ್, ಸೀರಮ್ ವಿಷನ್ಸ್, ಬೋಲ್ಟ್ ಬಂದಿದ್ರೆ ಯೋಚನೆಯೇ ಬೇಡ, ಟ್ವಿನ್ ಇಲ್ಲದಿದ್ರೂ ಅದು ಒಳ್ಳೆ ಕೈ. ಹೀಗೆ ಕೈ ವಾಪಸ್ ಕಲೆಸೋದಕ್ಕೆ 2019ರಿಂದ ಬಂದಿರೋ ಲಂಡನ್ ಮಲ್ಲಿಗನ್ ನಿಯಮ ಇಲ್ಲಿ ನಿಮ್ಮ ಪರವಾಗಿದೆ. ಮತ್ತೆ ಪೂರ್ತಿ ಏಳು ಎಳೆದು, ಬೇಡದ ಒಂದನ್ನ ತಳಕ್ಕಿಟ್ಟರೆ ಸಾಕು.

ಟ್ವಿನ್ ಕಥೆಯ ಉಳಿದ ಭಾಗವನ್ನೂ ಹೇಳಬೇಕು, ಯಾಕಂದ್ರೆ ಈಗ ಡೆಕ್ ಕಟ್ಟೋರಿಗೆ ಅದೇ ಮುಖ್ಯ. 2016ರ ಜನವರಿಯಲ್ಲಿ ಇದನ್ನ ಮಾಡರ್ನ್‌ನಲ್ಲಿ ನಿಷೇಧಿಸಿದ್ರು. ಉಳಿದ ನೀಲಿ-ಕೆಂಪು ಡೆಕ್‌ಗಳಿಗೆ ಜಾಗವೇ ಇಲ್ಲದ ಹಾಗಾಗಿತ್ತು. 2024ರ ಡಿಸೆಂಬರ್‌ನಲ್ಲಿ ನಿಷೇಧ ತೆಗೆದ್ರು. ತುಂಬಾ ಜನ ಹಳೇ ಪಟ್ಟಿಯನ್ನೇ ಹಾಗೇ ಎತ್ತಿಕೊಂಡು ಬಂದ್ರು, ಆದ್ರೆ ಡೆಕ್ ಮೊದಲಿನ ಹಾಗೆ ಮೆರೆಯಲಿಲ್ಲ. ಸರಪಳಿ ಅದೇ ಇದೆ, ಎದುರಾಳಿ ಬದಲಾಗಿದ್ದಾರೆ. 2019ರ ಫೋರ್ಸ್ ಆಫ್ ನೆಗೇಷನ್ ನಿಮ್ಮ ಟರ್ನ್‌ನಲ್ಲಿ ಒಂದೂ ಮನಾ ಇಲ್ಲದೆ ಟ್ವಿನ್ ತಡೆಯುತ್ತೆ, ಕೈಯಲ್ಲಿರೋ ಇನ್ನೊಂದು ನೀಲಿ ಕಾರ್ಡ್ ಬಿಟ್ಟುಕೊಟ್ಟರೆ ಆಯ್ತು. 2021ರ ಸಾಲಿಟ್ಯೂಡ್ ಅದೇ ರೀತಿ ಒಂದು ಬಿಳಿ ಕಾರ್ಡ್ ತಗೊಂಡು ಎಕ್ಸಾರ್ಕನ್ನೇ ಅಳಿಸಿಹಾಕುತ್ತೆ. ಅವರ ಲ್ಯಾಂಡ್ ಟ್ಯಾಪ್ ಮಾಡಿ ಏನು ಬಂತು? ಲ್ಯಾಂಡ್ ಬಳಸದೇ ಉಳಿಸಿಕೊಂಡು ಹೆದರಿ ಕೂರಬೇಕಾದ ಒತ್ತಡವೇ ಈಗ ಎದುರಾಳಿಗೆ ಇಲ್ಲ, ಮತ್ತೆ ಆ ಒತ್ತಡವೇ ಈ ಡೆಕ್‌ನ ಅರ್ಧ ಬಲ ಆಗಿತ್ತು. ಹಾಗಾಗಿ ಯಾವ ಕಾಂಬೊ ಆರಿಸಿದ್ರೂ, ಮನಾ ಖರ್ಚಿಲ್ಲದೆ ಅದನ್ನ ಮುರಿಯೋ ಕಾರ್ಡ್ ನಿಮ್ಮ ಫಾರ್ಮ್ಯಾಟ್‌ನಲ್ಲಿ ಯಾವುದಿದೆ ಅಂತ ಮೊದಲು ಹುಡುಕಿ, ಅದಕ್ಕೆ ನಿಮ್ಮ ಐವತ್ತರಲ್ಲಿ ಏನಿದೆ ನೋಡಿ.

ದುಡ್ಡು ಹಾಕೋ ಮೊದಲು ಪರೀಕ್ಷೆ ಮಾಡಿ. ಬಿಳಿ ಚೀಟಿ ಮೇಲೆ ಕಾರ್ಡ್ ಹೆಸರು ಬರೆದು, ಮಾಮೂಲಿ ಲ್ಯಾಂಡ್ ಜೊತೆ ಸ್ಲೀವ್ ಒಳಗೆ ತೂರಿಸಿ ಮನೆಯಲ್ಲಿ ಆಡಿ. ಅಧಿಕೃತ ಟೂರ್ನಮೆಂಟ್‌ನಲ್ಲಿ ಇದು ನಡೆಯಲ್ಲ, ಅಭ್ಯಾಸಕ್ಕೆ ಧಾರಾಳ ಸಾಕು. ಒಬ್ಬರೇ ಕೂತು ಎಷ್ಟನೇ ಟರ್ನ್‌ಗೆ ಕಾಂಬೊ ಬರುತ್ತೆ ಅಂತ ಎಣಿಸೋದರಿಂದ ಕೈಗೆ ಅಭ್ಯಾಸ ಆಗುತ್ತೆ, ಅಷ್ಟೇ. ನಿಮ್ಮ ಡೆಕ್ ಪೂರ್ತಿ ಗೊತ್ತಿರೋ ಗೆಳೆಯರನ್ನ ಎದುರು ಕೂರಿಸಿ. ಮೊದಲ ಕೆಲವು ಆಟ ನಾಲ್ಕೂ ಟ್ವಿನ್ ತೆಗೆದು ಆ ಜಾಗಕ್ಕೆ ಯಾವುದಾದ್ರೂ ನಾಲ್ಕು ಲ್ಯಾಂಡ್ ಹಾಕಿ ಆಡಿ, ಗೆಳೆಯರಿಗೆ ಅದನ್ನ ಹೇಳಬೇಡಿ. ಒಂದೂ ಗೆಲ್ಲೋಕೆ ಆಗಲಿಲ್ಲ ಅಂದ್ರೆ ಬೇರೆ ಕಾಂಬೊ ಹುಡುಕೋಕೆ ಹೋಗಬೇಡಿ, ಲ್ಯಾಂಡ್ ಸಂಖ್ಯೆಯಿಂದ ಶುರುಮಾಡಿ ಉಳಿದ ಕಾರ್ಡ್‌ಗಳನ್ನ ಒಂದೊಂದಾಗಿ ಬದಲಾಯಿಸಿ. ಎರಡು ಮೂರಾದ್ರೂ ಗೆದ್ರಿ ಅಂದ್ರೆ ಟ್ವಿನ್ ವಾಪಸ್ ಹಾಕಿ.