ಶಾಲ್ಮಲೆಯ ಬೆನ್ನು ಹತ್ತಿ: ಧಾರವಾಡದಿಂದ ಅಂಕೋಲಾಕ್ಕೆ ಸೈಕಲ್ ದಾರಿ

ನಮಸ್ಕಾರ ರೀ ಎಲ್ಲರಿಗೂ. ಧಾರವಾಡದಿಂದ ಸಮುದ್ರಕ್ಕೆ ಸೈಕಲ್ ಮೇಲೆ ಹೋಗೋದು ಹೆಂಗೆ ಅಂತ ಯಾರಾದರೂ ಕೇಳಿದರೆ ನಾನು ಫೋನಿನ ಮ್ಯಾಪ್ ತೆಗೆಯುವುದಿಲ್ಲ. ಸೋಮೇಶ್ವರ ಗುಡಿಗೆ ಕರೆದುಕೊಂಡು ಬರುತ್ತೇನೆ. ಈ ವಿಡಿಯೋದಲ್ಲಿ ಈಗ ನೀವು ನೋಡುತ್ತಿರುವುದು ಅದೇ ಜಾಗ. ಶಾಲ್ಮಲಾ ಹೊಳೆ ಹುಟ್ಟುವುದು ಇಲ್ಲಿ. ಶಿರಸಿ ಹತ್ತಿರ ಸಹಸ್ರಲಿಂಗದ ಶಾಲ್ಮಲಾ ಇದೆಯಲ್ಲ, ಅದು ಬೇರೆ ಹೊಳೆ.

ಧಾರವಾಡದ ಭೂಮಿಯೇ ಒಂದು ವಿಶೇಷ. ಊರಿನ ಒಂದು ಮಗ್ಗುಲಿಗೆ ಬಿದ್ದ ಮಳೆ ಹಳ್ಳಗಳ ಮೂಲಕ ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಈ ಮಗ್ಗುಲಿಗೆ ಬಿದ್ದದ್ದು ಶಾಲ್ಮಲೆಯಾಗಿ ಪಶ್ಚಿಮಕ್ಕೆ ತಿರುಗುತ್ತದೆ. ಕಲಘಟಗಿ ಹತ್ತಿರ ಹುಬ್ಬಳ್ಳಿ ಕಡೆಯಿಂದ ಬರುವ ಬೇಡ್ತಿ ಹಳ್ಳ ಬಂದು ಸೇರುತ್ತದೆ. ಹುಬ್ಬಳ್ಳಿಯವರಿಗೆ ಗೊತ್ತಿರುವ ನೀರಸಾಗರ ಕೆರೆ ಇದೇ ಬೇಡ್ತಿಯದ್ದು. ಅಲ್ಲಿಂದ ಮುಂದೆ ಹೊಳೆಯ ಹೆಸರೇ ಬೇಡ್ತಿ. ಮಾಗೋಡಿನಲ್ಲಿ ಘಟ್ಟದಿಂದ ಜಿಗಿದು, ಕೆಳಗೆ ಗಂಗಾವಳಿ ಅನಿಸಿಕೊಂಡು, ಅಂಕೋಲಾ ಮತ್ತು ಗೋಕರ್ಣದ ನಡುವೆ ಸಮುದ್ರ ಸೇರುತ್ತದೆ. ಎಲ್ಲ ಸೇರಿ 150 ಕಿಲೋಮೀಟರ್ ಆಸುಪಾಸಿನ ಹೊಳೆ. ನಮ್ಮ ದಾರಿಯೂ ಹೆಚ್ಚುಕಡಿಮೆ ಅಷ್ಟೇ. ಹೊಳೆ ಎಲ್ಲಿ ಇಳಿಯುತ್ತದೋ ಅಲ್ಲಿ ನಾವೂ ಇಳಿಯುತ್ತೇವೆ. ಈ ದಾರಿ ನನಗೆ ಇಷ್ಟವಾಗಿರುವುದು ಅದಕ್ಕೇ.

ಹೊರಡಬೇಕಾದದ್ದು ನಸುಕಿನಲ್ಲಿ, ಅದೂ ಚಳಿಗಾಲದಲ್ಲಿ. ನವೆಂಬರಿನಿಂದ ಜನವರಿವರೆಗೆ ನಮ್ಮ ಕಡೆ ಮೂಡಗಾಳಿ ಬೀಸುತ್ತದೆ. ಪಶ್ಚಿಮಕ್ಕೆ ಹೊರಟವರಿಗೆ ಅದು ಬೆನ್ನಿಗೆ ಬರುತ್ತದೆ. ಕಲಘಟಗಿವರೆಗಿನ ಸುಮಾರು 30 ಕಿಲೋಮೀಟರ್ ಹೋದದ್ದೇ ಗೊತ್ತಾಗುವುದಿಲ್ಲ. ಸಣ್ಣ ಸಣ್ಣ ಏರು, ಸಣ್ಣ ಸಣ್ಣ ಇಳಿಜಾರು. ಕಪ್ಪು ಮಣ್ಣು ಹೋಗಿ ಕೆಂಪು ಮಣ್ಣು ಬರುತ್ತದೆ, ಗೋವಿನಜೋಳದ ಹೊಲಗಳ ನಡುವೆ ಭತ್ತದ ಗದ್ದೆ ಕಾಣಿಸಿಕೊಳ್ಳುತ್ತದೆ.

ಕಲಘಟಗಿಯಲ್ಲಿ ಚಹಾ ಕುಡಿಯಲೇಬೇಕು. ನಮ್ಮ ಹೆಲ್ಮೆಟ್ಟು, ಬಿಗಿ ಚಡ್ಡಿ ನೋಡಿ ಚಹಾದಂಗಡಿಯ ಅಕ್ಕ ಕೇಳಿದರು, ‘ಎಲ್ಲಿಗ್ ಹೊಂಟೀರಿ ತಮ್ಮಾ?’

‘ಅಂಕೋಲಾಕ್ರೀ ಯಕ್ಕಾ.’

‘ಸೈಕಲ್ ಮ್ಯಾಲ? ಬಸ್ ಅದಾವಲ್ಲೋ ಯಪ್ಪಾ!’ ಅಂದವರೇ ಎರಡು ಶೇಂಗಾ ಉಂಡಿ ಕಾಗದದಲ್ಲಿ ಕಟ್ಟಿಕೊಟ್ಟರು. ರೊಕ್ಕ ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಶೇಂಗಾ ಮತ್ತು ಬೆಲ್ಲ ಕೊಡುವ ಶಕ್ತಿಯನ್ನು ಯಾವ ಎನರ್ಜಿ ಬಾರ್ ಕೂಡ ಕೊಡುವುದಿಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಸಮಯ ಇದ್ದರೆ ಇಲ್ಲಿ ತೊಟ್ಟಿಲು ಮಾಡುವ ಮನೆಯೊಂದನ್ನು ನೋಡಿಕೊಂಡು ಬನ್ನಿ. ಕಲಘಟಗಿ ತೊಟ್ಟಿಲಿನ ಬಣ್ಣ, ಅದರ ಮೇಲೆ ಬರೆದ ಕೃಷ್ಣನ ಚಿತ್ರ ಹತ್ತಿರದಿಂದಲೇ ನೋಡಬೇಕು.

ಕಲಘಟಗಿ ದಾಟಿದರೆ ರಾಷ್ಟ್ರೀಯ ಹೆದ್ದಾರಿ 52. ಪಂಜಾಬಿನ ಸಂಗ್ರೂರಿನಿಂದ ಹೊರಟ ರಸ್ತೆ ಇದು, ಮುಗಿಯುವುದು ಅಂಕೋಲಾದಲ್ಲಿ. ಅಂದರೆ ಲಾರಿಗಳ ರಸ್ತೆ. ಕಿರವತ್ತಿಯಿಂದ ಮುಂದೆ ಎರಡೂ ಬದಿ ಕಾಡು, ಕಣ್ಣಿಗೆ ಹಬ್ಬ. ಆದರೆ ಕಿವಿ ಮಾತ್ರ ಹಿಂದೆಯೇ ಇರಬೇಕು. ಇಯರ್‌ಫೋನ್ ಬೇಡವೇ ಬೇಡ. ಹಿಂದಿನ ಕೆಂಪು ಲೈಟ್ ಹಗಲಲ್ಲೂ ಉರಿಯುತ್ತಿರಲಿ. ಇಬ್ಬರು ಅಕ್ಕಪಕ್ಕ ಮಾತಾಡುತ್ತಾ ಹೋಗುವ ರಸ್ತೆ ಇದಲ್ಲ, ಒಬ್ಬರ ಹಿಂದೆ ಒಬ್ಬರು ಹೋಗಬೇಕು.

ಮೊದಲ ದಿನ ಯಲ್ಲಾಪುರದಲ್ಲಿ ನಿಲ್ಲಿ. ಒಂದೇ ದಿನದಲ್ಲಿ ಸಮುದ್ರ ಮುಟ್ಟುವವರೂ ಇದ್ದಾರೆ, ಅವರ ಕಾಲಿನ ಶಕ್ತಿ ದೊಡ್ಡದು. ಆದರೆ ಹಾಗೆ ಹೋದರೆ ಮಾಗೋಡು ತಪ್ಪಿಹೋಗುತ್ತದೆ. ಯಲ್ಲಾಪುರದ ಊಟದ ಜೊತೆ ಅಪ್ಪೆಹುಳಿ ಸಿಕ್ಕರೆ ಬಿಡಬೇಡಿ. ಮಾವಿನ ಮಿಡಿಯನ್ನು ಬೇಯಿಸಿ, ಹಿಚುಕಿ, ನೀರು ಬೆರೆಸಿ, ಉಪ್ಪು ಮತ್ತು ಚೂರು ಬೆಲ್ಲ ಹಾಕಿ, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟಿರುತ್ತಾರೆ. ದಿನವಿಡೀ ಬೆವರಿ ಬಂದವರಿಗೆ ಬೇಕಾದ ಉಪ್ಪು, ಹುಳಿ, ಸಿಹಿ ಮೂರೂ ಒಂದೇ ಲೋಟದಲ್ಲಿ. ನಾನು ಲೋಟದ ಮೇಲೆ ಲೋಟ ಕುಡಿದೆ.

ಮಾಗೋಡಿಗೆ ಯಲ್ಲಾಪುರದಿಂದ ಬೇರೆ ದಾರಿ, ಹೋಗಿ ಅದೇ ದಾರಿಯಲ್ಲಿ ವಾಪಸ್ ಬರಬೇಕು. ಲಾರಿ ಇಲ್ಲ, ಅಡಿಕೆ ತೋಟಗಳ ನಡುವಿನ ಸಣ್ಣ ರಸ್ತೆ. ಇಡೀ ಸವಾರಿಯಲ್ಲಿ ಸೈಕಲ್ ತುಳಿಯಲು ಅತ್ಯಂತ ಖುಷಿ ಕೊಟ್ಟ ತುಂಡು ಇದು. ಕೊನೆಗೆ ರಸ್ತೆ ಮುಗಿದು ಕಣಿವೆ ಶುರುವಾಗುತ್ತದೆ. ಸೋಮೇಶ್ವರದ ಹತ್ತಿರ ಒಂದು ಹಾರಿಗೆ ದಾಟಬಹುದಾದ ನೀರು ಇಲ್ಲಿ ಬಂಡೆ ಸೀಳಿಕೊಂಡು ಸುಮಾರು 200 ಮೀಟರ್ ಕೆಳಕ್ಕೆ ಬೀಳುತ್ತದೆ. ಹತ್ತಿರದ ಜೇನುಕಲ್ಲು ಗುಡ್ಡಕ್ಕೂ ಹೋಗಿ. ಅಲ್ಲಿಂದ ಬೇಡ್ತಿ ಕಣಿವೆ ಮಡಿಕೆ ಮಡಿಕೆಯಾಗಿ ಕಾಣುತ್ತದೆ, ತಳದಲ್ಲಿ ಹೊಳೆ ಬಾಗಿ ಬಾಗಿ ಹೋಗುವುದು ಕಾಣುತ್ತದೆ.

ಈ ಹೊಳೆಗೆ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವ ಯೋಜನೆಯೊಂದು ಇತ್ತು. 1980ರ ದಶಕದ ಶುರುವಿನಲ್ಲಿ ಇಲ್ಲಿನ ಜನರ ವಿರೋಧದಿಂದ ಅದು ನಿಂತಿತು. ಈಗ ಬೇಡ್ತಿ ನೀರನ್ನು ವರದಾ ನದಿಗೆ ಒಯ್ಯುವ ಮಾತು ನಡೆದಿದೆ. ಹಾವೇರಿ, ಗದಗದ ಬೇಸಿಗೆ ನನಗೆ ಗೊತ್ತು. ಕೊಡ ಹಿಡಿದು ಪಾಳಿ ಹಚ್ಚಿದವರ ನಡುವೆಯೇ ಬೆಳೆದವನು ನಾನು. ಆದರೂ ಜೇನುಕಲ್ಲಿನ ಮೇಲೆ ನಿಂತಾಗ ಈ ಹೊಳೆ ಹೀಗೇ ಹರಿಯಲಿ ಅನ್ನಿಸಿತು. ನಮ್ಮ ಊರಿನ ಕೆರೆಗಳ ಹೂಳು ಮೊದಲು ತೆಗೆಯೋಣ. ಇದು ನನ್ನ ಮಾತು. ನೀವು ಒಪ್ಪಬೇಕು ಅಂತಿಲ್ಲ, ಆದರೆ ಒಮ್ಮೆ ಬಂದು ನೋಡಿ.

ಮರುದಿನ ಇಡಗುಂದಿ ದಾಟಿದ ಮೇಲೆ ಅರಬೈಲ್ ಘಟ್ಟ. ಯಲ್ಲಾಪುರ ಇರುವುದು ಸಮುದ್ರಮಟ್ಟದಿಂದ 500 ಮೀಟರಿಗೂ ಎತ್ತರದಲ್ಲಿ. ಅದರಲ್ಲಿ ಬಹುಪಾಲು ಈ ತಿರುವುಗಳಲ್ಲೇ ಇಳಿದುಬಿಡುತ್ತದೆ. ಪೆಡಲ್ ತುಳಿಯುವ ಕೆಲಸವೇ ಇಲ್ಲ, ಎಲ್ಲ ಕೆಲಸ ಬ್ರೇಕಿನದ್ದು. ಬ್ರೇಕನ್ನು ಒಂದೇ ಸಮ ಹಿಡಿದುಕೊಂಡಿರಬೇಡಿ. ಒತ್ತಿ, ಬಿಡಿ. ಮತ್ತೆ ಒತ್ತಿ, ಬಿಡಿ. ತಿರುವಿಗೆ ಬರುವ ಮೊದಲೇ ವೇಗ ಇಳಿಸಿ, ತಿರುವಿನ ಒಳಗೆ ಅಲ್ಲ. ಅರ್ಧ ಘಟ್ಟ ಇಳಿದು ರಸ್ತೆಯಿಂದ ಪೂರ್ತಿ ಆಚೆ ನಿಂತು ಚಕ್ರದ ರಿಮ್ ಮುಟ್ಟಿದೆ, ಬೆರಳು ತಟ್ಟನೆ ಹಿಂದೆ ಬಂತು. ಅಷ್ಟು ಕಾದಿತ್ತು. ಪಕ್ಕದಲ್ಲಿ ಇಳಿಯುತ್ತಿದ್ದ ಲಾರಿಯ ಬ್ರೇಕ್ ಲೈನರ್ ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಇಬ್ಬರದೂ ಒಂದೇ ಕಷ್ಟ. ರಿಮ್ ತಣ್ಣಗಾಗುವವರೆಗೆ ಕೂತು ನೀರು ಕುಡಿದು ಮುಂದೆ ಹೋದೆವು. ಟೈರ್ 28 ಅಥವಾ 32 ಮಿಲಿಮೀಟರಿನದಿದ್ದರೆ ಒಳ್ಳೆಯದು, ತೀರಾ ಸಣ್ಣ ಟೈರಿಗೆ ಇಲ್ಲಿನ ಕಿತ್ತ ಡಾಂಬರು ಆಗಿಬರುವುದಿಲ್ಲ. ಮಳೆಗಾಲದಲ್ಲಂತೂ ಈ ಘಟ್ಟಕ್ಕೆ ಸೈಕಲ್ ತರಬೇಡಿ. ಇಲ್ಲಿ ಗುಡ್ಡ ಜಾರುತ್ತದೆ.

ಘಟ್ಟದ ಬುಡದಲ್ಲಿ ಗುಳ್ಳಾಪುರ, ಆಮೇಲೆ ರಾಮನಗುಳಿ, ಸುಂಕಸಾಳ. ಗಾಳಿಯೇ ಬೇರೆ. ಚಳಿ ಹೋಗಿ ಸೆಕೆ, ಜಾಕೆಟ್ ಬಿಚ್ಚಲೇಬೇಕು. ಹೊಳೆ ಈಗ ಗಂಗಾವಳಿ, ಎಡಗಡೆ ಮರಗಳ ಸಂದಿಯಲ್ಲಿ ಆಗಾಗ ಕಾಣುತ್ತದೆ, ಅಗಲವಾಗಿ, ಅವಸರ ಇಲ್ಲದೆ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿಯಾಗಿ ಶುರುಮಾಡಿ ಸಾವಿರಾರು ಸಸಿ ಬೆಳೆಸಿದ ಪದ್ಮಶ್ರೀ ತುಳಸಿ ಗೌಡ ಇದೇ ಅಂಕೋಲಾ ತಾಲೂಕಿನ ಹೊನ್ನಳ್ಳಿಯವರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಈ ಸೀಮೆಯ ನೆರಳಿನಲ್ಲಿ ಹೋಗುವಾಗ ಆ ಅಜ್ಜಿಯನ್ನು ನೆನೆದು ಕೈ ಮುಗಿದೆ.

ಮಧ್ಯಾಹ್ನ ಆದಮೇಲೆ ಸಮುದ್ರದ ಗಾಳಿ ಎದೆಗೆ ಹೊಡೆಯುತ್ತದೆ. ಸಪಾಟು ರಸ್ತೆಯಲ್ಲೂ ಗೇರ್ ಇಳಿಸಬೇಕಾಗುತ್ತದೆ. ಅದಕ್ಕೇ ಯಲ್ಲಾಪುರದಿಂದ ಬೇಗ ಬಿಡಿ, ಊಟದ ಹೊತ್ತಿಗೆ ಅಂಕೋಲಾ ಸೇರಿದರೆ ಈ ಗಾಳಿಯ ಕಾಟ ಇರುವುದಿಲ್ಲ. ಮೀನೂಟ ಮುಗಿಸಿ ನದಿಭಾಗದ ಕಡಲತೀರಕ್ಕೆ ಹೋಗಬಹುದು.

ಗೋಕರ್ಣದ ಕಡೆ ಹೆದ್ದಾರಿ 66ರಲ್ಲಿ ಹೋಗುವವರಿಗೆ ಶಿರೂರು ಸಿಗುತ್ತದೆ. 2024ರ ಜುಲೈ 16ರಂದು ಗುಡ್ಡ ಕುಸಿದು ರಸ್ತೆ ದಾಟಿ ಗಂಗಾವಳಿಗೆ ಬಿದ್ದದ್ದು ಅಲ್ಲೇ, ಹಲವರು ಜೀವ ಕಳೆದುಕೊಂಡರು. ಅಲ್ಲಿ ಕ್ಯಾಮೆರಾ ತೆಗೆಯಲು ನನಗೆ ಮನಸ್ಸಾಗಲಿಲ್ಲ.

ವಾಪಸ್ ಬರುವುದಕ್ಕೆ ಹುಬ್ಬಳ್ಳಿ ಬಸ್ಸೇ ಗತಿ, ಅಂಕೋಲಾದಿಂದ ಹುಬ್ಬಳ್ಳಿಗೆ ರೈಲು ಇನ್ನೂ ಇಲ್ಲ. ಕಂಡಕ್ಟರ್ ಅಣ್ಣನ ಹತ್ತಿರ ಮೊದಲೇ ಮಾತಾಡಿ, ಲಗೇಜ್ ಟಿಕೆಟ್ ತೆಗೆಸಿ, ಎರಡೂ ಚಕ್ರ ಬಿಚ್ಚಿ ಇಡಿ. ಡಿರೇಲರ್, ಅಂದರೆ ಗೇರ್ ಬದಲಿಸುವ ಭಾಗ, ಇರುವ ಬದಿ ಮೇಲಕ್ಕೆ ಬರಲಿ.

ಮುಂದಿನ ವಿಡಿಯೋದಲ್ಲಿ ಹಾವೇರಿಯಿಂದ ಹಾನಗಲ್, ಶಿರಸಿ, ಅಲ್ಲಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ. ಆ ದಾರಿಗೆ ಬರುವವರು ಈಗಲೇ ಬ್ರೇಕ್ ರಬ್ಬರ್ ಸವೆದಿದೆಯಾ ನೋಡಿಕೊಳ್ಳಿ.